ಇಪ್ಪತ್ತೊಂದನೆಯ ಪ್ರತಿ

ಝೆರಾಕ್ಸ್ ಮಷಿನ್ನಿನ ಮೇಲೆ ಇಪ್ಪತ್ತರ ಬದಲು ಇಪ್ಪತ್ತೊಂದು ಒತ್ತುವಾಗ ಗಿರಿಯಪ್ಪ ಜೋರಾಗಿ ಕೆಮ್ಮಿದ. ಕೆಮ್ಮೇನೂ ಬಂದಿರಲಿಲ್ಲ. ಹೊರಗೆ ಬೆಂಚಿನ ಮೇಲಿದ್ದ ನೇತ್ರಾ ತಿರುಗಿ ನೋಡಲಿಲ್ಲ. ಇಪ್ಪತ್ತು ಪುಸ್ತಕಗಳು ಪಿನ್ ಹೊಡೆಸಿಕೊಂಡು ಆಕೆಯ ಚೀಲ ಸೇರಿದವು. ಇಪ್ಪತ್ತೊಂದನೆಯದು ಮೇಜಿನ ಕೆಳಗಿನ ಹಳೆಯ ಡಬ್ಬಿಗೆ ಜಾರಿತು. ಇದು ಒಂಬತ್ತನೇ ಸಲ.

ಸವಣೂರಿನ ತಹಶೀಲ್ದಾರ ಕಚೇರಿಯ ಎದುರು ಮೂರು ಝೆರಾಕ್ಸ್ ಅಂಗಡಿಗಳಿದ್ದರೂ ಮಂದಿ ಮುಗಿಬೀಳುತ್ತಿದ್ದುದು ಗಿರಿಯಪ್ಪನಲ್ಲಿಗೇ. ಅವನು ಗಿರಾಕಿಯ ಕಾಗದ ಓದುವುದಿಲ್ಲ, ಅದೊಂದೇ ಕಾರಣ. ಹೊಲದ ಉತಾರ, ಕೋರ್ಟಿನ ನೋಟಿಸು, ಅಣ್ಣತಮ್ಮಂದಿರ ಪಾಲುಪತ್ರ, ಗಂಡಹೆಂಡಿರ ಸೋಡಚೀಟಿ, ಏನೇ ಬರಲಿ, ಗಾಜಿನ ಮೇಲೆ ಮಗುಚಿ ಹಾಕಿ ಗೋಡೆಯ ಕ್ಯಾಲೆಂಡರು ನೋಡುತ್ತ ನಿಲ್ಲುತ್ತಿದ್ದ. "ಗಿರಿಯಪ್ಪನ ಕೈಯಾಗ ಕೊಟ್ರ ಬಾವ್ಯಾಗ ಹಾಕಿದಂಗ" ಎನ್ನುತ್ತಿದ್ದರು ಊರವರು. ಹದಿನೆಂಟು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಅದು.

ಆ ಹೆಸರನ್ನು ಒಂದು ಎಮ್ಮೆ ಕೆಡಿಸಿತು.

ಯಲವಿಗಿಯಲ್ಲಿ ಜಂಪರು ಹೊಲಿಯುವ ನೇತ್ರಾ ಎರಡು ವರ್ಷದ ಹಿಂದೆ ಮೊದಲ ಸಲ ಬಂದಾಗ ಹಾಳೆಯೊಂದು ಮಷಿನ್ನಿನಲ್ಲಿ ಸಿಕ್ಕಿಕೊಂಡಿತು. ಬಿಡಿಸುವಾಗ ಕಣ್ಣು ಬಿತ್ತು. ಕೈಯಲ್ಲಿ ಬರೆದ ಚಿತ್ರಕಥೆ. ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೊಂದು ಎಮ್ಮೆ ನಿಂತಿದೆ. "ಟಿಕೀಟ ಐತೇನು?" ಎನ್ನುತ್ತಾನೆ ಸ್ಟೇಷನ್ ಮಾಸ್ತರ. "ಟಿಕೀಟ ಇಲ್ರಿ, ಹಾಲೈತ್ರಿ" ಎನ್ನುತ್ತದೆ ಎಮ್ಮೆ. ಗಿರಿಯಪ್ಪನಿಗೆ ನಗು ಒತ್ತಿ ಬಂತು. ಹಲ್ಲು ಕಚ್ಚಿ ನುಂಗಿಕೊಂಡ. ಕೈ ಮಾತ್ರ ತಾನಾಗಿ ಒಂದು ಪ್ರತಿ ಹೆಚ್ಚಿಗೆ ತೆಗೆದುಬಿಟ್ಟಿತು.

"ಇಪ್ಪತ್ತಕ್ಕಿಂತ ಒಂದೂ ಹೆಚ್ಚ ಬ್ಯಾಡ್ರಿ ಅಣ್ಣಾರ," ಎಂದು ಅವತ್ತೇ ಹೇಳಿದ್ದಳು ಆಕೆ. "ಕಡಿಮಿ ಇದ್ರನ ಕಿಮ್ಮತ್ತು."

ಪುಸ್ತಕದ ಮೇಲೆ ಬರೆದವರ ಹೆಸರಿಲ್ಲ, ಊರಿಲ್ಲ. ಹಾಕಿಕೊಳ್ಳುವುದಾದರೂ ಹೇಗೆ? ಒಳಗೆ ಊರ ದೊಡ್ಡವರೆಲ್ಲ ಎಮ್ಮೆಯ ಬಾಲದ ಏಟು ತಿನ್ನುತ್ತಿದ್ದರು. ಪಿನ್ ಹೊಡೆದ ಮೇಲೆ ಆಕೆ ಬೆಂಚಿನ ಮೇಲೆ ಕುಳಿತು ಒಂದೊಂದಕ್ಕೂ ಕೆಂಪು ಪೆನ್ನಿನಲ್ಲಿ ಒಂದರಿಂದ ಇಪ್ಪತ್ತರವರೆಗೆ ನಂಬರು ಹಾಕುತ್ತಿದ್ದಳು.

ಹುಡುಗನಾಗಿದ್ದಾಗ ಬೆಂಕಿಪೊಟ್ಟಣದ ಚಿತ್ರವನ್ನೂ ಕೂಡಿಡದ ಗಿರಿಯಪ್ಪ ಈಗ ಪುಸ್ತಕಗಳಿಗೆ ಪ್ಲಾಸ್ಟಿಕ್ ತೊಡಿಸಿದ. ಗಿರಾಕಿ ಇಲ್ಲದಾಗ ತೆಗೆದು ಒರೆಸಿದ, ಮೂಸಿದ, ಮತ್ತೆ ಓದಿದ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕು ಜಾಲಾಡಿದರೂ ಇಪ್ಪತ್ತೇ ಮನೆಯಲ್ಲಿ ಸಿಗುವ ವಸ್ತು ತನ್ನ ಡಬ್ಬಿಯಲ್ಲಿದೆ ಎಂಬ ಸುಖವೇ ಬೇರೆ. ನಂಬರಿಲ್ಲದ ಕಳ್ಳಮಾಲು ಎಂಬ ಸಂಕಟವೂ ಅದರ ಬೆನ್ನಿಗೇ ಬರುತ್ತಿತ್ತು. ಒಮ್ಮೆ ಚಹಾದಂಗಡಿಯಲ್ಲಿ "ಎಮ್ಮಿ ಗಾಡಿ ಹತ್ತಿತೇನ್ರಪಾ?" ಎಂದು ಗಾಳ ಹಾಕಿ ನೋಡಿದ. ಯಾರೂ ಹುಬ್ಬು ಕೂಡ ಹಾರಿಸಲಿಲ್ಲ. ಎಲಾ ಇವರ! ಎಂಥ ಗಟ್ಟಿ ಬಾಯಿ ಈ ಇಪ್ಪತ್ತು ಮಂದಿಯದು ಎಂದು ಬೆರಗಾದ.

ಇವತ್ತು ಚೀಲ ಹೆಗಲಿಗೆ ಹಾಕಿಕೊಂಡ ಮೇಲೂ ನೇತ್ರಾ ಹೊರಡಲಿಲ್ಲ.

"ಅಣ್ಣಾರ, ಖರೇ ಹೇಳ್ರಿ. ಇದನ್ನ ಇಲ್ಲಿ ಯಾರರ ನೋಡ್ಯಾರೇನ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಗಿರಿಯಪ್ಪನ ಗತಿ. ಕಾಲಿನಿಂದ ಡಬ್ಬಿಯನ್ನು ಒಳಕ್ಕೆ ನೂಕಿದ.

"ದೇವರಾಣಿ ಯಾರೂ ನೋಡಿಲ್ಲವಾ! ನಾ ಅಂತೂ ಗಿರಾಕಿ ಕಾಗದ ಓದಾವನ ಅಲ್ಲ."

ಆಕೆಯ ಮುಖ ಸಣ್ಣದಾಯಿತು. "ಗೊತ್ತೈತ್ರಿ," ಎಂದಳು. "ಇದ ಕಡೇದು. ಇನ್ನ ಬರಿಯೂದಿಲ್ರಿ."

ಮೂರು ದಿನ ಅವನು ಆ ಡಬ್ಬಿಯನ್ನು ಮುಟ್ಟಲೇ ಇಲ್ಲ. ಆಕೆಗೆ ಗೊತ್ತಾಗಿದೆ, ಸಂಶಯವೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರು ತಾನೇ ಬಿತ್ತುತ್ತಾರೆ? ತನ್ನ ಆಸೆಬುರುಕತನದಿಂದ ಇಪ್ಪತ್ತು ಮಂದಿಯ ಸುಖಕ್ಕೆ ಮಣ್ಣು ಬಿತ್ತು. ಥೂ! ಒಪ್ಪಿಕೊಂಡರೆ ಹದಿನೆಂಟು ವರ್ಷದ ಹೆಸರು ಹೋಗುತ್ತದೆ, ಅಂಗಡಿಗೆ ನಾಯಿಯೂ ಬರುವುದಿಲ್ಲ. ಸುಮ್ಮನಿದ್ದರೆ ಎಮ್ಮೆ ಸಾಯುತ್ತದೆ. ಭಾನುವಾರ ಬೆಳಿಗ್ಗೆ ಒಂಬತ್ತೂ ಪುಸ್ತಕ ಕಟ್ಟಿಕೊಂಡು ಯಲವಿಗಿಗೆ ಗಾಡಿ ಹೊಡೆದ.

ನೇತ್ರಾ ಹೊಲಿಗೆ ಯಂತ್ರದ ಮುಂದಿದ್ದಳು. ಅವನು ಪುಸ್ತಕಗಳನ್ನು ಆಕೆಯ ಮುಂದಿಟ್ಟು ನಿಂತೇ ಹೇಳಿಬಿಟ್ಟ.

"ನಾನ ಕಳ್ಳ, ಯವ್ವಾ. ಪ್ರತಿ ಸಲಾನೂ ಒಂದ ಹೆಚ್ಚಿಗಿ ತಗದೇನಿ."

ಆಕೆ ಪ್ಲಾಸ್ಟಿಕ್ಕನ್ನು ಮುಟ್ಟಿ ಮುಟ್ಟಿ ನೋಡಿದಳು. "ಬರೇ ಇಟಗೊಂಡಿದ್ರೋ, ಓದೀರೋ?"

ಇದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. "ಓದೇನಿ. ಒಂದೊಂದು ನಾಕ್ನಾಕ ಸಲ."

"ಯಾವುದ್ರಿ ಛಲೋ ಅನಿಸಿದ್ದು?"

"ಆ ಗ್ರಾಮಸಭಾದ್ದು," ಎಂದ ತಲೆ ತಗ್ಗಿಸಿ. "ಎಮ್ಮಿ ನೊಣಕ್ಕ ತಲಿ ಅಲ್ಲಾಡಸ್ತೈತಿ, ಅವರು ಠರಾವು ಪಾಸಾತು ಅಂತ ಬರಕೋತಾರಲ್ಲ..." ಹೇಳುತ್ತಲೇ ಅವನಿಗೆ ನಗು ಬಂತು. ಅಪರಾಧಿ ನಗಬಾರದೆಂದು ಬಾಯಿ ಮುಚ್ಚಿಕೊಂಡ. ಆಕೆಯೂ ನಗುತ್ತಿದ್ದಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಅವನಿಗೆ ಧೈರ್ಯ ಬಂತು. "ಬೇಕಾರ ನಾಕ ಮಂದಿ ಮುಂದ ನನ್ನ ಮಾನ ಕಳಿಯವಾ, ಅಂಗಡಿ ಮುಚ್ಚತೇನಿ. ಆದ್ರ ಆ ಇಪ್ಪತ್ತ ಮಂದಿ ಏನ ತಪ್ಪ ಮಾಡ್ಯಾರ? ಅವರ ಸಲುವಾಗಿ ಬರಿ."

ನೇತ್ರಾ ಎದ್ದು ಮೂಲೆಯ ಟ್ರಂಕಿನ ಮುಚ್ಚಳ ತೆಗೆದಳು. ಒಳಗೆ ಒಂಬತ್ತು ಸಾಲು ಪುಸ್ತಕಗಳಿದ್ದವು, ಸಾಲಿಗೆ ಇಪ್ಪತ್ತು.

"ಯಾರೂ ಒಂದೂ ಒಯ್ದಿಲ್ರಿ ಅಣ್ಣಾರ," ಎಂದಳು. "ನೀವೊಬ್ಬರ ಓದಿ ನಕ್ಕಿದ್ದು ಅವತ್ತ ಹೇಳಿದ್ರ, ನಾ ಯಾಕ ನಿಲ್ಲಸ್ತಿದ್ನಿ?"