ಮಾಸ್ತರರ ಪಾದ

ನಾಟಕ ಕಂಪನಿಯ ಮಾಸ್ತರರು ನಲವತ್ತು ವರ್ಷ ಕಾಲು ಹಾರ್ಮೋನಿಯಂ ನುಡಿಸಿದವರು. ಪೆಡಲ್ ತುಳಿದಷ್ಟು ಹೊತ್ತು ಪೆಟ್ಟಿಗೆಗೆ ಉಸಿರು. ಪರದೆ ಬಿತ್ತೆಂದರೆ ಅವರ ಎರಡೂ ಪಾದ ತಾವಾಗಿ ಮೇಲೇಳುತ್ತಿದ್ದವು, ಪೆಟ್ಟಿಗೆ ಸುಮ್ಮನಾಗುತ್ತಿತ್ತು.

ಅಂದು ಗುಡ್ಡದ ದೇವಿಗೆ ಕಾಯಿ ಒಡೆಸಿಕೊಂಡು ಹೊರಟಾಗ ಜೀಪಿನ ಡ್ರೈವರ್ ಹುಚ್ಚೀರಪ್ಪನಿಗೆ ಎದೆನೋವು ಬಂತು. ದವಾಖಾನೆ ಇದ್ದದ್ದು ಗುಡ್ಡದ ಕೆಳಗೆ. ಎಂಟು ದಿನದಿಂದ ಅವನ ಹತ್ತಿರವೇ ಗಾಡಿ ಕಲಿಯುತ್ತಿದ್ದ ಮಾಸ್ತರರು ಅವನನ್ನು ಪಕ್ಕಕ್ಕೆ ಕೂರಿಸಿದರು. ಪೆಟ್ಟಿಗೆಯ ಮುಂದೆ ಕೂರುವಂತೆಯೇ ಚಪ್ಪಲಿ ಬಿಟ್ಟು, ಕೈ ಮುಗಿದು, ಸ್ಟಿಯರಿಂಗ್ ಹಿಡಿದರು.

“ಬ್ರೇಕ್ ನೆನಪೈತೇನ್ರಿ ಮಾಸ್ತರ?” ಹುಚ್ಚೀರಪ್ಪ ಎದೆ ಒತ್ತಿಕೊಂಡೇ ಕೇಳಿದ.

“ಲೇ, ನನಗ ಪೆಡಲ್ ಕಲಸ್ತೀಯೇನೊ? ನಿನ್ನ ವಯಸ್ಸಿನಷ್ಟು ವರ್ಷ ತುಳದೇನಿ.”

“ಹಂಗಾರ ನನ್ನ ಜೀವ ನಿಮ್ಮ ಪಾದದಾಗೈತ್ರಿ.”

“ತಾಯಿ ಅದಾಳ. ಸುಮ್ಮನ ಕೂಡು.”

ಇಳಿಜಾರಿನಲ್ಲಿ ಜೀಪಿನ ಓಟ ಜೋರಾಯಿತು. ತಿರುವು ದಾಟಿದರೆ, ದಾರಿಗೆ ಅಡ್ಡವಾಗಿ ಕಲ್ಲು ತುಂಬಿದ ಲಾರಿ ನಿಂತಿತ್ತು.

“ನಿಲ್ಲಸ್ರೀ ಮಾಸ್ತರ!”

ಮಾಸ್ತರರು ಕಣ್ಣು ಮುಚ್ಚಿ, ತಾಯಿಯ ಹೆಸರು ಹೇಳಿ, ಎರಡೂ ಪಾದ ಮೇಲೆತ್ತಿದರು.