ಕಾಶವ್ವನ ಹೊಳೆಗಲ್ಲು

ಯುದ್ಧ ಮುಗಿದ ಮೇಲೆ ಗದಗಿನ ಜನರ ಮೈಯಲ್ಲಿ ಭಾರವೇ ಉಳಿಯಲಿಲ್ಲ. ಸೊಂಟಕ್ಕೆ ಕಲ್ಲಿನ ಚೀಲ ಕಟ್ಟಿಕೊಳ್ಳದಿದ್ದರೆ ಆಕಾಶದ ಪಾಲು. ಕಲ್ಲು ಮಾರುವ ಹಕ್ಕು ಭಾರ ಇಲಾಖೆಯದು ಮಾತ್ರ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಕಾಶವ್ವ ಆ ಇಲಾಖೆಯ ಕಚೇರಿಯೆದುರೇ ಬಡವರಿಗೆ ಹೊಳೆಗಲ್ಲು ಮಾರುತ್ತಿದ್ದಳು.

ಆ ಮಧ್ಯಾಹ್ನ ಇಲಾಖೆಯ ಜಮಾದಾರ ಅವಳ ಬುಟ್ಟಿಯನ್ನು ಒದ್ದ.

"ಹೊಟ್ಟಿಪಾಡ್ರೀ ಸಾಹೇಬ್ರ, ಬಿಟ್ಟುಬಿಡ್ರಿ," ಎಂದು ಕಾಶವ್ವ ಕೈಮುಗಿದಳು. ಅವನು ಚಾಕು ತೆಗೆದು ಅವಳ ಸೊಂಟದ ಚೀಲವನ್ನೇ ಕೊಯ್ದುಬಿಟ್ಟ.

ಕಾಶವ್ವ ಮೇಲೇರತೊಡಗಿದಳು. ಬಳೆ ಮಾರುವ ಮೌಲಾಸಾಬ ಜಿಗಿದು ಅವಳ ಪಾದ ಹಿಡಿದ. "ಹೆದರಬ್ಯಾಡಬೇ ಯಕ್ಕಾ, ನಾ ಬಿಡೂದಿಲ್ಲ!"

ಜಮಾದಾರ ಅವನ ಚೀಲವನ್ನೂ ಕೊಯ್ದ. ಅವನ ಕಾಲನ್ನು ಹೂವಿನವಳು ಹಿಡಿದಳು. ಆಮೇಲೆ ಯಾರೂ ಚಾಕುವಿಗೆ ಕಾಯಲಿಲ್ಲ. ಬೀದಿಗೆ ಬೀದಿಯೇ ತನ್ನ ಚೀಲಗಳನ್ನು ಬಿಚ್ಚಿ, ಒಬ್ಬರ ಕಾಲನ್ನೊಬ್ಬರು ಹಿಡಿದು ಮೇಲೇರಿತು. ಕೆಳಗಿನ ಸಾಲಿನವರು ಕಚೇರಿಯ ಕಂಬಗಳನ್ನು ತಬ್ಬಿಕೊಂಡಿದ್ದರು.

"ದಂಗೆ! ದಂಗೆ! ಕೆಳಗ ಇಳೀರಿ!" ಜಮಾದಾರ ಅರಚಿದ.

ಕಾಶವ್ವ ಮೋಡದ ಅಂಚಿನಿಂದ ಕೆಳಗೆ ನೋಡಿದಳು. ಸಾವಿರಾರು ಮುಖಗಳು ಅವಳತ್ತ ತಿರುಗಿದ್ದವು. ಅವುಗಳ ಕೆಳಗೆ, ಕೋಣೆ ತುಂಬ ಕಲ್ಲು ಪೇರಿಸಿಕೊಂಡಿದ್ದ ಆ ಕಚೇರಿ ಅಡಿಪಾಯ ಬಿಟ್ಟು ಮೆಲ್ಲಗೆ ನೆಲದಿಂದ ಏಳುತ್ತಿತ್ತು.