ಹದಿಮೂರರವರೆಗೆ

“ಈ ಸಾಲುಗಳನ್ನೆಲ್ಲ ಅಳಿಸಿಬಿಡ್ತೀನಿ ಮೇಡಂ. ಯಾರೋ ತಮಾಷೆಗೆ ಬರೆದಿದ್ದಾರೆ,” ಎಂದಳು ಲ್ಯಾಬಿನ ಕಂಪ್ಯೂಟರಿನ ಮುಂದೆ ಕೂತಿದ್ದ, ಹೊಸದಾಗಿ ಬಂದ ಪ್ರೋಗ್ರಾಮರ್ ಹುಡುಗಿ.

ರಕ್ತದ ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದ ಲ್ಯಾಬಿನ ಅಕ್ಕನ ಕೈ ಅಲ್ಲೇ ನಿಂತಿತು. “ತಮಾಷೆಗಲ್ಲ. ನನಗೋಸ್ಕರ ಬರೆದದ್ದು. ನಮ್ಮ ಮನೆಯವರು.”

ಅಕ್ಕನ ಗಂಡ ಇದೇ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು. ಆಕೆ ಎಲ್ಲರಿಗೂ ಅಕ್ಕನಾದ್ದರಿಂದ ಅವರು ನರ್ಸುಗಳಿಗೆಲ್ಲ ಭಾವ. ಪರೀಕ್ಷೆಯ ಫಲಿತಾಂಶ ತೋರಿಸುವ ಪ್ರೋಗ್ರಾಂ ಆಗಾಗ ತಟ್ಟನೆ ನಿಂತುಹೋಗುತ್ತಿತ್ತು. ಯಾಕೆ ನಿಂತಿತು ಎಂಬುದಕ್ಕೆ ಪರದೆಯ ಮೇಲೆ ಬರೀ ಒಂದು ಅಂಕಿ. “ರೀ, ಹನ್ನೊಂದು ಅಂತಿದೆ, ಏನ್ಮಾಡ್ಲಿ?” ಎಂದು ಆಕೆ ಫೋನು ಮಾಡುವಳು. ಮರುವಾರ, “ರೀ, ಇವತ್ತು ಆರು ಅಂತಿದೆ.” ಕೊನೆಗೆ ಭಾವ ಒಂದು ಭಾನುವಾರ ಪಟ್ಟಾಗಿ ಕೂತು, ಒಂದರಿಂದ ಮೂವತ್ತೊಂದರವರೆಗೆ ಯಾವ ಅಂಕಿ ಬಂದರೂ ಹೆಂಡತಿಗೆ ಅರ್ಥವಾಗುವ ಮಾತು ಕಾಣುವ ಹಾಗೆ ಮಾಡಿದರು. ಅಂದಿನಿಂದ ಹನ್ನೊಂದು ಬಂದರೆ ಪರದೆ ಹೇಳುತ್ತಿತ್ತು: “ತನ್ನದಲ್ಲದ ಜಾಗಕ್ಕೆ ಕೈಹಾಕಿ ಪೆಟ್ಟು ತಿಂದಿದೆ. ಗಾಬರಿ ಬೇಡ, ಮತ್ತೆ ಶುರು ಮಾಡು.” ಆರು ಬಂದರೆ: “ನನ್ನಿಂದಾಗದು ಅಂತ ತಾನೇ ಕೈಚೆಲ್ಲಿ ಕೂತಿದೆ. ನನ್ನನ್ನು ಕರಿ.”

ಎರಡು ವರ್ಷದ ಹಿಂದೆ ಎದೆನೋವೆಂದು ತಾವೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದ ಭಾವ ಮನೆಗೆ ಮರಳಲಿಲ್ಲ. ಅವರ ರಕ್ತವನ್ನು ಯಂತ್ರಕ್ಕಿಟ್ಟವಳೂ ಈಕೆಯೇ. ಆಮೇಲೆ ಪರದೆಯ ಮೇಲೆ “ಗಾಬರಿ ಬೇಡ” ಎಂದು ಬಂದಾಗಲೆಲ್ಲ ಆಕೆ ಪ್ರೋಗ್ರಾಂ ಶುರು ಮಾಡುವ ಮೊದಲು ಒಂದು ನಿಮಿಷ ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದಳು.

“ನನಗೆ ಗೊತ್ತಿರ್ಲಿಲ್ಲ ಅಕ್ಕಾ,” ಎಂದಳು ಹುಡುಗಿ. ‘ಮೇಡಂ’ ಹೋಗಿ ‘ಅಕ್ಕ’ ಬಂದದ್ದು ಇಬ್ಬರ ಗಮನಕ್ಕೂ ಬರಲಿಲ್ಲ. “ಆಸ್ಪತ್ರೆಗೆಲ್ಲ ಒಂದೇ ಥರ ಇರ್ಲಿ ಅಂತ ಮೇಲಿನವರು ಹೇಳಿದ್ದಾರೆ. ಅಂಕಿ ಕೊಟ್ಟರೆ ಈಗ ಸಿಸ್ಟಮ್ಮೇ ಅದರ ಅರ್ಥ ಹೇಳುತ್ತೆ.”

“ಹೇಳ್ಲಿ, ಬೇಡ ಅಂದೋರ್ಯಾರು? ಅದರ ಕೆಳಗೆ ಇವರದ್ದೂ ಒಂದು ಸಾಲಿದ್ದರೆ ಜಾಗಕ್ಕೇನು ಬರ ಬಂದಿದ್ಯಾ?”

ಹುಡುಗಿ ನಕ್ಕಳು. “ಇಡ್ತೀನಿ ಬಿಡಿ. ಎಲ್ಲಾ ಓದಿದ್ದೀರಾ ನೀವು?”

“ಎಲ್ಲಿ ಓದೋದು? ಇಷ್ಟು ವರ್ಷಕ್ಕೆ ಬಂದಿರೋದೇ ನಾಲ್ಕು. ಆರು, ಎಂಟು, ಹನ್ನೊಂದು, ಹದಿನೈದು.” ಗಂಡ ಆಡಿ ತಾನು ಕೇಳದ ಮಾತು ಇನ್ನೂ ಇಪ್ಪತ್ತೇಳು ಉಳಿದಿವೆ ಎಂದು ಆಕೆಗೆ ಹೊಳೆದದ್ದೇ ಆಗ. ಕೈಗವಸು ಕಳಚಿ, ಸ್ಟೂಲ್ ಎಳೆದುಕೊಂಡು ಕೂತಳು. “ಓದಮ್ಮ. ಕನ್ನಡಕ ತಂದಿಲ್ಲ ನಾನು.” ಕನ್ನಡಕ ಕೊರಳಲ್ಲೇ ತೂಗುತ್ತಿತ್ತು.

ಹುಡುಗಿ ಮೊದಲಿನಿಂದ ಓದತೊಡಗಿದಳು. ಒಂದು: “ಲೈನ್ ಕಟ್ಟಾಗಿದೆ. ನೀನು ಸಿಟ್ಟು ಬಂದು ಫೋನ್ ಇಡ್ತೀಯಲ್ಲ, ಹಾಗೆ.” ಎರಡು: “ಯಾರೋ ಕೀಬೋರ್ಡಿನಿಂದ ತಡೆದರು. ನೀನೇ ಇರಬೇಕು.” ಅಕ್ಕ ತಲೆಯಾಡಿಸುತ್ತಾ ಕೇಳುತ್ತಿದ್ದಳು. ಒಂಬತ್ತು: “ಕತ್ತು ಹಿಡಿದು ಹೊರಗೆ ಹಾಕಿದ್ದಾರೆ. ಹೋಗಿಬರ್ತೀನಿ ಅನ್ನೋಕೂ ಬಿಡಲಿಲ್ಲ.” ಹುಡುಗಿಯ ದನಿ ತಡವರಿಸಿತು. ಅಕ್ಕ ಮುಂದೆ ಎನ್ನುವಂತೆ ಕೈಮಾಡಿದಳು. ಹದಿಮೂರು: “ಕೇಳುವವರು ಎದ್ದುಹೋದ ಮೇಲೂ ಇದು ಮಾತಾಡ್ತಾನೇ ಇತ್ತು. ಥೇಟ್ ನನ್ನ ಹಾಗೆ.”

ಅಕ್ಕನಿಗೆ ನಗು ಬಂತು. ಅದರ ಹಿಂದೆಯೇ ಕಣ್ಣು ತುಂಬಿತು. ಹದಿನಾಲ್ಕಕ್ಕೆ ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅವಳ ತೋಳು ಹಿಡಿದಳು.

“ಸಾಕಮ್ಮ. ಎಲ್ಲಾ ಇವತ್ತೇ ಕೇಳಿಬಿಟ್ಟರೆ ಆಮೇಲೆ ಏನಿರುತ್ತೆ? ಉಳಿದದ್ದು ಬಂದಾಗ ಬರ್ಲಿ.”

ಹುಡುಗಿ ಜಾಣೆ. ಕೊಟ್ಟ ಮಾತಿನಂತೆ ಸಾಲುಗಳನ್ನು ಉಳಿಸಿದಳು. ಜೊತೆಗೆ, ಅಕ್ಕನಿಗೆ ತನ್ನ ಕೈಲಾದ ಉಪಕಾರವೆಂದು ವಾರವಿಡೀ ತಲೆ ಕೆಡಿಸಿಕೊಂಡು, ಪ್ರೋಗ್ರಾಂ ನಿಲ್ಲುತ್ತಿದ್ದ ಕಾರಣಗಳನ್ನೆಲ್ಲ ಹುಡುಕಿ ಸರಿಪಡಿಸಿದಳು. ಹನ್ನೊಂದು ತಿಂಗಳಾಯಿತು, ಅದು ಒಮ್ಮೆಯೂ ನಿಂತಿಲ್ಲ. ಡಾಕ್ಟರುಗಳಿಗೆ ಖುಷಿಯೋ ಖುಷಿ. “ಏನಾದ್ರೂ ತೊಂದರೆ ಕೊಡ್ತಾ ಅಕ್ಕಾ?” ಎಂದು ಹುಡುಗಿ ಆಗಾಗ ಫೋನು ಮಾಡುತ್ತಾಳೆ.

“ಏನೂ ಇಲ್ಲಮ್ಮ, ಚೆನ್ನಾಗಿ ನಡೀತಿದೆ,” ಎನ್ನುತ್ತಾಳೆ ಅಕ್ಕ. ಆದರೆ ದಿನಾ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದವಳೇ, ಚೀಲವನ್ನೂ ಕೆಳಗಿಡದೆ ಮೊದಲು ಪರದೆಯ ಕಡೆ ನೋಡುತ್ತಾಳೆ, ಇವತ್ತಾದರೂ ನಿಂತಿರಬಹುದೇ ಎಂದು.